‘ಬೂಗೋಲ’ ಎಂದು ಹುಡುಕಿದವರಿಗೂ ಭೂಗೋಳ ಸಿಗಬೇಕು

ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕುಳಿತ ಪ್ರೌಢಶಾಲೆಯ ಹುಡುಗಿಯೊಬ್ಬಳು ‘ಬೂಗೋಲ’ ಎಂದು ಟೈಪ್ ಮಾಡಿ, ‘ಯಾವ ಪುಸ್ತಕವೂ ಸಿಗಲಿಲ್ಲ’ ಎಂಬ ಉತ್ತರ ನೋಡಿ ಎದ್ದು ಹೋದದ್ದನ್ನು ನಾನು ಕಂಡಿದ್ದೇನೆ. ಭೂಗೋಳದ ಪುಸ್ತಕಗಳು ಅವಳ ಬೆನ್ನ ಹಿಂದಿನ ಕಪಾಟಿನಲ್ಲೇ ಇದ್ದವು.

ಹೀಗೆ ತಪ್ಪಾಗಿ ಬರೆದಾಗ ‘ಹೀಗೆಂದು ಹುಡುಕಬೇಕೆ?’ ಎಂದು ಸರಿಯಾದ ಪದವನ್ನು ತೋರಿಸುವ ಕಾಗುಣಿತ ಸಲಹೆಯನ್ನು ಅಳವಡಿಸುವವರು ಸಾಮಾನ್ಯವಾಗಿ ನೆಚ್ಚುವುದು ರಷ್ಯಾದ ಗಣಿತಜ್ಞ ಲೆವೆನ್‌ಶ್ಟೈನ್ 1965ರಲ್ಲಿ ಪ್ರಕಟಿಸಿದ ಲೆಕ್ಕವನ್ನು: ಒಂದು ಪದ ಇನ್ನೊಂದಾಗಲು ಎಷ್ಟು ಅಕ್ಷರಗಳನ್ನು ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂಬ ಎಣಿಕೆ ಅದು. ಗ್ರಂಥಾಲಯಗಳು ಬಳಸುವ ಕೋಹಾ ತಂತ್ರಾಂಶಕ್ಕೆ ಜೋಡಿಸಬಹುದಾದ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕು ತಂತ್ರಾಂಶದ ಅಂದಾಜು ಹುಡುಕಾಟವನ್ನು ‘ಆಟೋ’ದಲ್ಲಿಟ್ಟರೆ, 3ರಿಂದ 5 ಸಂಕೇತಗಳ ಪದದಲ್ಲಿ ಒಂದು ತಪ್ಪನ್ನೂ ಅದಕ್ಕಿಂತ ಉದ್ದದ ಪದದಲ್ಲಿ ಎರಡನ್ನೂ ಅದು ಮನ್ನಿಸುತ್ತದೆ. ಕಣ್ಣಿಗೆ ಮೂರೇ ಅಕ್ಷರವಾದ ‘ಬೂಗೋಲ’, ಸ್ವರಚಿಹ್ನೆಗಳೂ ಸೇರಿ, ಕಂಪ್ಯೂಟರುಗಳು ಅಕ್ಷರಗಳನ್ನು ದಾಖಲಿಸುವ ಯೂನಿಕೋಡ್ ಪದ್ಧತಿಯಲ್ಲಿ 5 ಸಂಕೇತ, ತಪ್ಪುಗಳು ಎರಡು. ಹಾಗಾಗಿ ‘ಭೂಗೋಳ’ ಹೊರಬರುವುದೇ ಇಲ್ಲ.

ಮಿತಿಯನ್ನು ಸುಮ್ಮನೆ ಎರಡಕ್ಕೆ ಏರಿಸಿದರೆ ಸಂಬಂಧವಿಲ್ಲದ ಪದಗಳೆಲ್ಲ ನುಗ್ಗುತ್ತವೆ. ನನ್ನ ಅನುಭವದಲ್ಲಿ ಫಲ ಕೊಟ್ಟದ್ದು ಎಲ್ಲ ತಪ್ಪುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗದಿರುವುದು. ಅಲ್ಪಪ್ರಾಣ–ಮಹಾಪ್ರಾಣ, ಲ–ಳ, ನ–ಣ, ಶ–ಷ–ಸ, ಹ್ರಸ್ವ–ದೀರ್ಘಗಳ ಅದಲುಬದಲು ಆಡುನುಡಿಯಿಂದ ಬಂದದ್ದು. ಅದನ್ನು ಕಾಲು ತಪ್ಪೆಂದು ಎಣಿಸಿದರೆ ಸಾಕು. ‘ಗ’ ಇರಬೇಕಾದಲ್ಲಿ ‘ಪ’ ಬಂದರೆ ಮಾತ್ರ ಪೂರ್ತಿ ಒಂದು. ಈ ಎಣಿಕೆಗೂ ಮೊದಲು ಪದಗಳನ್ನೆಲ್ಲ ಏಕರೂಪಕ್ಕೆ ತರಬೇಕು, ಏಕೆಂದರೆ ‘ಗೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಮೂರು ತುಣುಕುಗಳಾಗಿಯೂ ದಾಖಲಿಸಬಹುದು, ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ.

ಸಲಹೆಯ ಪದಗಳನ್ನು ನಿಘಂಟಿನಿಂದಲ್ಲ, ಗ್ರಂಥಾಲಯದ ಸ್ವಂತ ಸೂಚಿಯಿಂದಲೇ ಆರಿಸಬೇಕು. ಸೂಚಿಸಿದ ಪದಕ್ಕೂ ಪುಸ್ತಕವಿಲ್ಲವಾದರೆ ಓದುಗರನ್ನು ಎರಡು ಸಲ ಬರಿಗೈಯಲ್ಲಿ ಕಳಿಸಿದಂತಾಗುತ್ತದೆ. ಆದರೆ ಸೂಚಿಯಲ್ಲಿ ನಮ್ಮವೇ ತಪ್ಪುಗಳೂ ಸೇರಿಕೊಂಡಿರುತ್ತವೆ. ಹಳೆಯ ನಮೂದೊಂದರಲ್ಲಿ ‘ಬೂಗೋಳ’ ಎಂದಿದ್ದರೆ ಹಾಗೆ ಹುಡುಕಿದವರಿಗೆ ಆ ಒಂದೇ ಪುಸ್ತಕ ಸಿಗುತ್ತದೆ, ಫಲಿತಾಂಶ ಸೊನ್ನೆಯಲ್ಲವಾದ್ದರಿಂದ ಸಲಹೆ ಮೂಡುವುದಿಲ್ಲ, ಉಳಿದ ಪುಸ್ತಕಗಳೆಲ್ಲ ಮರೆಯಾಗಿಯೇ ಉಳಿಯುತ್ತವೆ. ಆದ್ದರಿಂದ ಫಲಿತಾಂಶ ಬೆರಳೆಣಿಕೆಯಷ್ಟಿದ್ದು, ಹತ್ತಿರದ ಇನ್ನೊಂದು ಪದಕ್ಕೆ ಅದರ ಹಲವು ಪಟ್ಟು ಪುಸ್ತಕಗಳಿದ್ದಾಗಲೂ ಸಲಹೆ ತೋರಿಸಬೇಕೆಂದು ನಾನು ಒತ್ತಾಯಿಸುತ್ತೇನೆ.

ಓದುಗರು ಬರೆದದ್ದನ್ನು ತಂತ್ರಾಂಶ ತಾನಾಗಿ ತಿದ್ದಬಾರದು. ‘ಕಲೆ ನಿಯಂತ್ರಣ’ ಎಂದು ಹುಡುಕುವ ರೈತರಿಗೆ ಬೇಕಾದದ್ದು ಹೊಲದ ಕಳೆ; ‘ಕಲೆ ತೆಗೆಯುವುದು’ ಎಂದು ಹುಡುಕುವವರಿಗೆ ಬೇಕಾದದ್ದು ಬಟ್ಟೆಯ ಕಲೆಯೇ. ‘ಕಳೆ ನಿಯಂತ್ರಣ ಎಂದು ಹುಡುಕಬೇಕೆ?’ ಎಂಬ ಒಂದು ಸಾಲನ್ನು ಫಲಿತಾಂಶಗಳ ಮೇಲೆ ಎದ್ದು ಕಾಣುವಂತೆ ತೋರಿಸಿ, ಅದನ್ನು ಒತ್ತುವುದನ್ನೂ ಬಿಡುವುದನ್ನೂ ಓದುಗರಿಗೇ ಬಿಡಬೇಕು.