ಆಟ ಮುಗಿದರೂ ಬಿಡದ ಗುಂಗು: ವಿಡಿಯೋ ಗೇಮ್ ಸಂಗೀತ ನಡೆದುಬಂದ ದಾರಿ

ವಿಡಿಯೋ ಗೇಮ್‌ಗಳ ಹಿನ್ನೆಲೆ ಸಂಗೀತ ಮೊದಲಿಗೆ ಸಂಗೀತವಾಗಿ ಹುಟ್ಟಲಿಲ್ಲ, ಆಟದ ಸದ್ದುಗಳಲ್ಲೊಂದಾಗಿ ಹುಟ್ಟಿತು. ಜಪಾನಿನ ತೊಮೊಹಿರೊ ನಿಶಿಕಾಡೊ ರೂಪಿಸಿ, ಟೈಟೊ ಕಂಪನಿ 1978ರಲ್ಲಿ ಹೊರತಂದ 'ಸ್ಪೇಸ್ ಇನ್ವೇಡರ್ಸ್' ಆಟದಲ್ಲಿ ಸಂಗೀತವೆಂದು ಕರೆಯಬಹುದಾಗಿದ್ದುದು ಕೆಳಮುಖವಾಗಿ ಇಳಿಯುವ ನಾಲ್ಕೇ ನಾಲ್ಕು ಮಂದ್ರ ಸ್ವರಗಳು. ಅವು ಎದೆಬಡಿತದಂತೆ ಒಂದೇ ಸಮನೆ ಮರುಕಳಿಸುತ್ತಿದ್ದವು. ಆಟಗಾರ ಶತ್ರುಗಳನ್ನು ಒಂದೊಂದಾಗಿ ಹೊಡೆದುರುಳಿಸಿದಂತೆ ಉಳಿದವರ ನಡೆ ಚುರುಕಾಗುತ್ತಿತ್ತು, ಅದರ ಬೆನ್ನಿಗೇ ಆ ಸ್ವರಗಳ ವೇಗವೂ ಏರುತ್ತಿತ್ತು. ಧಾಟಿ ಎನ್ನಲು ಅಲ್ಲಿ ಏನೂ ಇರಲಿಲ್ಲ. ಆದರೂ ಅದನ್ನು ಆಡಿದವರು ಆ ನಾಲ್ಕು ಸ್ವರಗಳನ್ನು ಮರೆತಿಲ್ಲ.

ಈ ಕಲೆಯ ಮುಂದಿನ ಇತಿಹಾಸವನ್ನೆಲ್ಲ ಅರ್ಥಮಾಡಿಕೊಳ್ಳಲು ಬೇಕಾದ ಸುಳಿವು ಇಲ್ಲಿಯೇ ಇದೆ. ಗೇಮ್ ಸಂಗೀತ ಆಟಗಾರರ ನೆನಪಿನಲ್ಲಿ ಉಳಿಯುವುದಕ್ಕೆ ಬಾಲ್ಯದ ಹಂಬಲವೇ ಕಾರಣ ಎಂದು ಹೇಳಿ ಮುಗಿಸುವುದು ರೂಢಿ. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ, ಆದರೆ ಅದು ಅರ್ಧ ಉತ್ತರ. ಈ ಸಂಗೀತ ಕೇಳುಗನಿಗಾಗಿ ಅಲ್ಲ, ಏನನ್ನೋ ಮಾಡುತ್ತಿರುವವನಿಗಾಗಿ ರಚಿತವಾದದ್ದು. ಅವನು ಓಡಿದರೆ ಓಡುವ, ಅವನು ತಡೆದರೆ ಕಾಯುವ, ಅವನು ಸೋತಾಗ ತಾನೂ ನಿಂತು ಮತ್ತೆ ಮೊದಲಿನಿಂದ ಆರಂಭವಾಗುವ ಗುಣ ಅದಕ್ಕಿದೆ. ಬಹುಕಾಲ ಉಳಿದ ಸಂಯೋಜನೆಗಳಲ್ಲೆಲ್ಲ ಈ ಗುಣ ಒಂದಲ್ಲ ಒಂದು ರೂಪದಲ್ಲಿ ಕಾಣುತ್ತದೆ.

1980ರಲ್ಲಿ ಬಂದ ನಾಮ್ಕೊ ಕಂಪನಿಯ 'ರ‍್ಯಾಲಿ-ಎಕ್ಸ್', ಆಟದುದ್ದಕ್ಕೂ ಧಾಟಿಯುಳ್ಳ ಹಿನ್ನೆಲೆ ಸಂಗೀತವನ್ನು ನುಡಿಸಿದ ಮೊದಮೊದಲ ಆಟಗಳಲ್ಲಿ ಒಂದು. ನಿಜವಾದ ತಿರುವು ಬಂದದ್ದು ಮನೆಯ ಟಿವಿಗೆ ಜೋಡಿಸುವ ಯಂತ್ರಗಳ ಕಾಲದಲ್ಲಿ. 1983ರ ನಿಂಟೆಂಡೊ ಫ್ಯಾಮಿಕಾಮ್ ಯಂತ್ರದ ಚಿಪ್‌ನಲ್ಲಿ ಧ್ವನಿಗೆ ಇದ್ದದ್ದು ಐದು ಚಾನೆಲ್‌ಗಳು, ಅಂದರೆ ಒಟ್ಟಿಗೆ ನುಡಿಯಬಲ್ಲ ಐದು ಎಳೆಗಳು. ಎರಡು ಪಲ್ಸ್ ತರಂಗಗಳು ಧಾಟಿಗೆ, ಒಂದು ತ್ರಿಕೋನ ತರಂಗ ಮಂದ್ರಕ್ಕೆ, ಒಂದು ನಾಯ್ಸ್ ಚಾನೆಲ್ ತಾಳಕ್ಕೆ, ಉಳಿದೊಂದು ಮುದ್ರಿತ ಧ್ವನಿಯ ಒರಟು ತುಣುಕುಗಳಿಗೆ. ಇಷ್ಟರಲ್ಲಿಯೇ ಆಟದ ಇತರ ಸದ್ದುಗಳೂ ಹಿಡಿಯಬೇಕಿತ್ತು. ಹಾಗಾಗಿ ಪಾತ್ರವೊಂದು ಜಿಗಿದಾಗ ಆ ಸದ್ದು ಸಂಗೀತದ ಒಂದು ಚಾನೆಲ್ಲನ್ನು ಕ್ಷಣಕಾಲ ಕಸಿದುಕೊಳ್ಳುತ್ತಿತ್ತು. ಒಂದು ಎಳೆ ನಡುವೆ ಕಳಚಿದರೂ ಕುಸಿಯದ ಧಾಟಿಯನ್ನೇ ಸಂಯೋಜಕರು ಹುಡುಕಬೇಕಾಗಿತ್ತು. ಅತ್ತ 1982ರ ಕಮೊಡೋರ್ 64 ಕಂಪ್ಯೂಟರಿಗಾಗಿ ಬಾಬ್ ಯಾನ್ಸ್ ರೂಪಿಸಿದ ಸಿಡ್ ಚಿಪ್‌ನಲ್ಲಿ ಇದ್ದವು ಮೂರೇ ಧ್ವನಿಗಳು. ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಲು ಸಾಧ್ಯವಿಲ್ಲದ್ದರಿಂದ ರಾಬ್ ಹಬರ್ಡ್, ಮಾರ್ಟಿನ್ ಗಾಲ್ವೆ ಮೊದಲಾದವರು ಅವನ್ನು ಒಂದರ ಹಿಂದೊಂದು ಮಿಂಚಿನ ವೇಗದಲ್ಲಿ ನುಡಿಸಿ, ಕಿವಿಗೆ ಒಂದೇ ಮೇಳವೆಂಬ ಭ್ರಮೆ ಹುಟ್ಟಿಸಿದರು. ಇಂದಿಗೂ ಜನ ಇಷ್ಟಪಡುವ ಆ ಕಂಪಿಸುವ ನಾದ ಯಾರೋ ಶೈಲಿಯೆಂದು ಆರಿಸಿಕೊಂಡದ್ದಲ್ಲ, ಕೊರತೆಯಿಂದ ಹುಟ್ಟಿದ್ದು.

ನಿಂಟೆಂಡೊ ಕಂಪನಿಗೆ 1984ರಲ್ಲಿ ಸೇರಿದ ಕೋಜಿ ಕೊಂಡೊ ಅವರ ಕೆಲಸವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಆಟಕ್ಕೆ ಅವರು ಬರೆದ ಧಾಟಿ ಪಾತ್ರದ ಓಟ ಮತ್ತು ಜಿಗಿತಗಳ ಲಯಕ್ಕೆ ಹೊಂದಿಕೊಂಡಿದೆ. ಆಡುವ ಬೆರಳುಗಳು ತಮಗರಿವಿಲ್ಲದೆಯೇ ಅದರ ತಾಳಕ್ಕೆ ಬೀಳುತ್ತವೆ. ಸಮಯದ ಗಡಿಯಾರ ನೂರಕ್ಕೆ ಇಳಿದೊಡನೆ ಎಚ್ಚರಿಕೆಯ ಸದ್ದು ಕೇಳಿಸಿ, ಅದೇ ಧಾಟಿ ದ್ರುತಗತಿಗೆ ತಿರುಗುತ್ತದೆ. ಪರದೆಯ ಅಂಕಿಗಳನ್ನು ನೋಡದವನಿಗೂ ಕಾಲ ಮೀರುತ್ತಿದೆ ಎಂದು ತಿಳಿಯುತ್ತದೆ. ಮರುವರ್ಷ 'ದಿ ಲೆಜೆಂಡ್ ಆಫ್ ಜೆಲ್ಡಾ' ಆಟಕ್ಕೆ ಫ್ರೆಂಚ್ ಸಂಯೋಜಕ ರವೆಲ್ ಅವರ 'ಬೊಲೆರೊ' ಕೃತಿಯನ್ನು ಬಳಸಬೇಕೆಂದಿದ್ದ ಕೊಂಡೊ, ಅದರ ಹಕ್ಕುಸ್ವಾಮ್ಯ ಇನ್ನೂ ಮುಗಿದಿಲ್ಲವೆಂದು ಕೊನೆಗಳಿಗೆಯಲ್ಲಿ ತಿಳಿದು, ಅವಸರದಲ್ಲಿ ತಮ್ಮದೇ ಮುಖ್ಯ ಧಾಟಿಯನ್ನು ಸಿದ್ಧಪಡಿಸಿದರು. ಹಾಗೆ ಹುಟ್ಟಿದ ಆ ಧಾಟಿ ಇಂದಿಗೂ ಆ ಸರಣಿಯ ಗುರುತಾಗಿದೆ.

ಸಿನಿಮಾಕ್ಕೆ ಸಂಗೀತ ಬರೆಯುವವರಿಗೆ ದೃಶ್ಯ ಎಷ್ಟು ಹೊತ್ತು ನಡೆಯುತ್ತದೆಂದು ಗೊತ್ತಿರುತ್ತದೆ. ಗೇಮ್ ಸಂಯೋಜಕರಿಗೆ ಅದು ಎಂದೂ ಗೊತ್ತಾಗುವುದಿಲ್ಲ. ಒಬ್ಬ ಆಟಗಾರ ಒಂದು ಹಂತವನ್ನು ಎರಡು ನಿಮಿಷದಲ್ಲಿ ದಾಟಿದರೆ ಇನ್ನೊಬ್ಬ ಅದೇ ಹಂತದಲ್ಲಿ ಒಂದು ಸಂಜೆಯನ್ನೇ ಕಳೆಯುತ್ತಾನೆ. ಹೀಗಾಗಿ ಕೊನೆಯಿಂದ ಆರಂಭಕ್ಕೆ ಹೊಲಿಗೆ ಕಾಣದಂತೆ ಮರಳುವ ಲೂಪ್ ಈ ಕಲೆಯ ಮೂಲ ರೂಪವಾಯಿತು. ಮತ್ತೆ ಮತ್ತೆ ಎದುರಾಗುವ ವಸ್ತುವಿನ ಮೇಲೆ ಮನಸ್ಸಿಗೆ ಒಲವು ಬೆಳೆಯುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯೊಂಕ್ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದ್ದವು. ಆದರೆ ಮರುಕಳಿಕೆಯೊಂದೇ ಸಾಕಾಗಿದ್ದರೆ ದಿನವಿಡೀ ಕಿವಿಗೆ ಬೀಳುವ ಜಾಹೀರಾತುಗಳೆಲ್ಲ ಪ್ರಿಯವಾಗಬೇಕಿತ್ತು. ವ್ಯತ್ಯಾಸವಿರುವುದು ಗಮನದಲ್ಲಿ. ಆಟದ ಹೊತ್ತಿನಲ್ಲಿ ಕಣ್ಣು, ಕೈ, ಭಯ, ಆಸೆ ಎಲ್ಲವೂ ಒಂದೇ ಕಡೆ ನೆಟ್ಟಿರುತ್ತವೆ. ಕಲಿತದ್ದು ಕಲಿತ ಸಂದರ್ಭದೊಂದಿಗೆ ಹೆಣೆದುಕೊಂಡು ನೆನಪಿನಲ್ಲಿ ನಿಲ್ಲುತ್ತದೆ ಎಂಬುದನ್ನು ಗಾಡನ್ ಮತ್ತು ಬ್ಯಾಡ್ಲಿ ಎಂಬ ಸಂಶೋಧಕರು 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಳುಗುಗಾರರ ನೆರವಿನಿಂದ ತೋರಿಸಿದರು: ನೀರಿನಡಿಯಲ್ಲಿ ಕಲಿತ ಪದಗಳು ನೀರಿನಡಿಯಲ್ಲಿಯೇ ಹೆಚ್ಚು ನೆನಪಿಗೆ ಬಂದವು. ಆಟವೊಂದರಲ್ಲಿ ಸಂಗೀತವೇ ಆ ಸಂದರ್ಭದ ದೊಡ್ಡ ಪಾಲು. ಜೊತೆಗೆ ಹದಿಹರೆಯ ಮತ್ತು ಯೌವನದ ಆರಂಭದ ನೆನಪುಗಳು ಉಳಿದ ವಯಸ್ಸಿನವಕ್ಕಿಂತ ಗಾಢವಾಗಿರುತ್ತವೆ ಎಂಬುದೂ ಸಂಶೋಧಕರು ಒಪ್ಪಿದ ಸಂಗತಿ. ಬಹುಪಾಲು ಜನ ಅತಿ ಹೆಚ್ಚು ಆಡುವುದು ಆ ವಯಸ್ಸಿನಲ್ಲಿಯೇ.

ಆಟ ಧಾಟಿಯನ್ನು ಹೇಗೆ ತನ್ನದಾಗಿಸಿಕೊಳ್ಳುತ್ತದೆ ಎಂಬುದಕ್ಕೆ 1989ರ ಗೇಮ್ ಬಾಯ್ ಯಂತ್ರದ 'ಟೆಟ್ರಿಸ್'ಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಹಿರೊಕಾಜು ತನಾಕಾ ಅದಕ್ಕೆ ಅಳವಡಿಸಿದ ಧಾಟಿ 19ನೇ ಶತಮಾನದ ರಷ್ಯನ್ ಜನಪ್ರಿಯ ಗೀತೆ 'ಕೊರೊಬೆಯ್ನಿಕಿ'ಯದು. ಅದರ ಸಾಹಿತ್ಯದ ಮೂಲ ನೆಕ್ರಾಸೊವ್ ಕವಿಯ 1861ರ ಕವಿತೆ. ಊರೂರು ಅಲೆಯುವ ವ್ಯಾಪಾರಿಯ ಆ ಹಾಡು ಇಂದು ಜಗತ್ತಿನ ಅಸಂಖ್ಯ ಜನರಿಗೆ ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಅವಸರವನ್ನಷ್ಟೇ ನೆನಪಿಸುತ್ತದೆ.

ಇದೇ ತನಾಕಾ ಮೂರು ವರ್ಷ ಹಿಂದೆ, 1986ರ 'ಮೆಟ್ರಾಯ್ಡ್' ಆಟಕ್ಕೆ ಪೂರ್ತಿ ಬೇರೆಯೇ ದಾರಿ ಹಿಡಿದಿದ್ದರು. ಗುನುಗುವಂಥ ಹಾಡುಗಳೇ ಆಗ ಎಲ್ಲರಿಗೂ ಬೇಕಾಗಿದ್ದವು. ಅವರೋ ಸಂಗೀತ ಯಾವುದು, ಆಟದ ಸದ್ದು ಯಾವುದು ಎಂದು ಬೇರ್ಪಡಿಸಲಾಗದಂಥ ನಾದವನ್ನು ಕಟ್ಟಿ, ಪರಗ್ರಹದ ಸುರಂಗಗಳಲ್ಲಿ ಆಟಗಾರ ಒಂಟಿ ಎಂಬ ಅನುಭವವನ್ನು ಉದ್ದಕ್ಕೂ ಬೆಳೆಸಿ, ಮನಸ್ಸು ಬಿಚ್ಚಿ ಹಾಡಬಹುದಾದ ಧಾಟಿಯನ್ನು ಕೊನೆಯ ಶತ್ರುವನ್ನು ಸೋಲಿಸಿದ ಬಳಿಕವಷ್ಟೇ ಕೊಟ್ಟರು. ತಡೆಹಿಡಿದು ಕೊಟ್ಟದ್ದರಿಂದಲೇ ಅದರ ಬಿಡುಗಡೆಯ ಭಾವ ಅಷ್ಟು ದೊಡ್ಡದು.

ಕಥೆ ಹೇಳುವ ಆಟಗಳು ಬೆಳೆದಂತೆ ಸಂಗೀತದ ಹೊಣೆಯೂ ಹೆಚ್ಚಿತು. 1986ರ 'ಡ್ರ್ಯಾಗನ್ ಕ್ವೆಸ್ಟ್'ಗೆ ಕೊಯಿಚಿ ಸುಗಿಯಾಮ ಶಾಸ್ತ್ರೀಯ ವಾದ್ಯವೃಂದದ ಮಾದರಿಯಲ್ಲಿ ಸಂಗೀತ ಬರೆದರು. 1987ರಲ್ಲಿಯೇ ಅದನ್ನು ಟೋಕಿಯೊದ ಸಭಾಂಗಣದಲ್ಲಿ ವಾದ್ಯವೃಂದ ನುಡಿಸಿತು. ಅದೇ ವರ್ಷ ಆರಂಭವಾದ 'ಫೈನಲ್ ಫ್ಯಾಂಟಸಿ' ಸರಣಿಗೆ ನೊಬುವೊ ಉಯೆಮಾತ್ಸು ಸಂಯೋಜಕರಾದರು. ಪ್ರತಿ ಪಾತ್ರಕ್ಕೂ ಒಂದು ಧಾಟಿ ಕೊಟ್ಟು, ಕಥೆ ಮುಂದುವರಿದಂತೆ ಅದನ್ನು ಬೇರೆ ಬೇರೆ ವೇಷಗಳಲ್ಲಿ ಮರಳಿ ತರುವ ಒಪೆರಾದ ಕ್ರಮವನ್ನು ಅವರು ಚೆನ್ನಾಗಿ ಅರಗಿಸಿಕೊಂಡಿದ್ದರು. 1994ರ ಆರನೆಯ ಆಟದಲ್ಲಿ ಚಿಪ್‌ನಿಂದಲೇ ಮನುಷ್ಯ ಕಂಠವನ್ನು ಅನುಕರಿಸುವ ಇಡೀ ಒಪೆರಾ ದೃಶ್ಯವೊಂದಿದೆ. ನನ್ನ ದೃಷ್ಟಿಯಲ್ಲಿ ಅವರ ಅತ್ಯಂತ ಧೀರ ನಡೆ ಕಾಣುವುದು 1997ರ ಏಳನೆಯ ಆಟದಲ್ಲಿ. ಮುಖ್ಯ ಪಾತ್ರಗಳಲ್ಲೊಬ್ಬಳಾದ ಏರಿಸ್ ಕೊಲೆಯಾಗುತ್ತಾಳೆ, ಮರುಗಳಿಗೆಯೇ ಯುದ್ಧ ಆರಂಭವಾಗುತ್ತದೆ. ಆ ಹೊತ್ತಿಗೆ ಆಟಗಾರನಿಗೆ ಯುದ್ಧದ ಸಂಗೀತ ಬಾಯಿಪಾಠವಾಗಿರುತ್ತದೆ, ಪರದೆ ಬದಲಾದೊಡನೆ ಕಿವಿ ಅದನ್ನೇ ನಿರೀಕ್ಷಿಸುತ್ತದೆ. ಆದರೆ ಅದು ಬರುವುದಿಲ್ಲ; ಏರಿಸ್‌ಳ ಮೆದುವಾದ ಧಾಟಿಯೇ ಯುದ್ಧದುದ್ದಕ್ಕೂ ಮುಂದುವರಿಯುತ್ತದೆ. ನೂರಾರು ಬಾರಿಯ ಮರುಕಳಿಕೆಯಿಂದ ಕಟ್ಟಿದ ಅಭ್ಯಾಸವನ್ನು ಒಮ್ಮೆ, ಒಂದೇ ಒಂದು ಕಡೆ ಮುರಿದಾಗ ಉಂಟಾದ ಆ ನೋವನ್ನು ಸಿನಿಮಾ ಇಷ್ಟೇ ತೀವ್ರವಾಗಿ ಕೊಡಲಾರದು, ಏಕೆಂದರೆ ಅಂಥ ಅಭ್ಯಾಸವನ್ನು ಬೆಳೆಸುವಷ್ಟು ಸಮಯ ಅದಕ್ಕಿಲ್ಲ.

ಸಿಡಿ ಬಂದ ಮೇಲೆ ಸ್ಟುಡಿಯೊದಲ್ಲಿ ಮುದ್ರಿಸಿದ ಸಂಗೀತವನ್ನೇ ಆಟದೊಳಗೆ ಇಡಲು ಸಾಧ್ಯವಾಯಿತು. ಲಾಭದ ಜೊತೆಗೆ ನಷ್ಟವೂ ಬಂತು. ಚಿಪ್ ಸ್ಥಳದಲ್ಲಿಯೇ ಸ್ವರ ಹುಟ್ಟಿಸುತ್ತಿದ್ದಾಗ ವೇಗ, ವಾದ್ಯ, ಎಳೆ ಯಾವುದನ್ನಾದರೂ ಆ ಕ್ಷಣದಲ್ಲಿ ಬದಲಿಸಬಹುದಿತ್ತು. 1991ರಲ್ಲಿ ಲ್ಯೂಕಾಸ್‌ಆರ್ಟ್ಸ್ ಸಂಸ್ಥೆಯ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ 'ಮಂಕಿ ಐಲ್ಯಾಂಡ್ 2' ಆಟಕ್ಕಾಗಿ ರೂಪಿಸಿದ ಐಮ್ಯೂಸ್ ವ್ಯವಸ್ಥೆಯಲ್ಲಿ, ಪಾತ್ರ ಒಂದು ಸ್ಥಳದಿಂದ ಇನ್ನೊಂದಕ್ಕೆ ಹೋದಾಗ ಒಂದು ಸಂಗೀತ ಲಯ ತಪ್ಪದೆ ಮತ್ತೊಂದಕ್ಕೆ ಹೊರಳುತ್ತಿತ್ತು. ಮುದ್ರಿತ ಸಂಗೀತಕ್ಕೆ ಆ ನಮ್ಯತೆ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಭಾರೀ ವಾದ್ಯವೃಂದಗಳಿಂದ ನುಡಿಸಿದ ಎಷ್ಟೋ ಆಟಗಳ ಸಂಗೀತ ಕೇಳಲು ವೈಭವದಿಂದಿದ್ದರೂ ಆಟ ಮುಗಿದೊಡನೆ ಮನಸ್ಸಿನಿಂದ ಜಾರಿಹೋಗುವುದಕ್ಕೆ, ಅದು ಆಟಗಾರನ ಕೈಯಿಂದ ಬಿಡಿಸಿಕೊಂಡು ಸಿನಿಮಾದ ಹಿನ್ನೆಲೆಯಂತೆ ದೂರ ನಿಂತದ್ದೇ ಕಾರಣ ಎಂದು ನಾನು ಭಾವಿಸುತ್ತೇನೆ.

ಈ ನಂಟನ್ನು ಮತ್ತೆ ಕಟ್ಟಿಕೊಟ್ಟ ಆಟಗಳೇ ನಂತರದ ಕಾಲದಲ್ಲಿ ಉಳಿದಿವೆ. 1998ರ 'ಒಕರಿನಾ ಆಫ್ ಟೈಮ್'ನಲ್ಲಿ ಆಟಗಾರ ಬಟನ್‌ಗಳನ್ನು ಒತ್ತಿ ಒಕರಿನಾ ಎಂಬ ಊದುವಾದ್ಯವನ್ನು ತಾನೇ ನುಡಿಸಬೇಕು. ಧಾಟಿಯನ್ನು ಕಲಿಯದೆ ಕಥೆ ಮುಂದೆ ಹೋಗದು. 2005ರ 'ಶ್ಯಾಡೊ ಆಫ್ ದಿ ಕೊಲೊಸಸ್'ನಲ್ಲಿ ಬಯಲಿನ ಉದ್ದಕ್ಕೂ ಗಾಳಿ ಮತ್ತು ಕುದುರೆಯ ಗೊರಸಿನ ಸದ್ದಷ್ಟೇ ಇರುತ್ತದೆ. ದೈತ್ಯ ಎದುರಾದಾಗ ಕೋ ಓಟಾನಿ ಅವರ ವಾದ್ಯವೃಂದ ಎದ್ದುನಿಲ್ಲುತ್ತದೆ, ಅದು ನೆಲಕ್ಕುರುಳಿದಾಗ ಕೇಳಿಸುವುದು ವಿಜಯಘೋಷವಲ್ಲ, ಶೋಕ. 2012ರ 'ಜರ್ನಿ'ಯಲ್ಲಿ ಆಸ್ಟಿನ್ ವಿಂಟರಿ ಆಟಗಾರನ ಪಾತ್ರಕ್ಕೆ ಚೆಲ್ಲೊ ವಾದ್ಯದ ಧ್ವನಿ ಕೊಟ್ಟರು. 2015ರ 'ಅಂಡರ್‌ಟೇಲ್' ಆಟವನ್ನೂ ಅದರ ಸಂಗೀತವನ್ನೂ ರಚಿಸಿದ ಟೋಬಿ ಫಾಕ್ಸ್ ಹಳೆಯ ಚಿಪ್‌ಗಳ ನಾದಕ್ಕೆ ಮರಳಿ, ಬೆರಳೆಣಿಕೆಯ ಧಾಟಿಗಳನ್ನು ಆಟದುದ್ದಕ್ಕೂ ರೂಪಾಂತರಿಸಿದರು. ಎಂಬತ್ತರ ದಶಕವನ್ನು ಕಾಣದ ತಲೆಮಾರಿಗೂ ಅದರ ಗುಂಗು ಹಿಡಿಯಿತು. 2017ರ 'ನೀಯರ್: ಆಟೊಮಾಟಾ'ದಲ್ಲಿ ಕೇಯಿಚಿ ಒಕಾಬೆ ಅವರ ತಂಡ ಒಂದೇ ರಚನೆಯ ಶಾಂತ, ತೀವ್ರ, ಗಾಯನಸಹಿತ ರೂಪಗಳನ್ನು ಸಿದ್ಧವಾಗಿಟ್ಟು, ಸಂದರ್ಭಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹರಿಯುವಂತೆ ಮಾಡಿತು.

ಹೊರಜಗತ್ತಿನ ಮನ್ನಣೆ ಬಹಳ ತಡವಾಗಿ ಬಂತು. 'ಸಿವಿಲೈಸೇಶನ್ 4' ಆಟಕ್ಕೆ ಕ್ರಿಸ್ಟೋಫರ್ ಟಿನ್ ಸ್ವಾಹಿಲಿ ಭಾಷೆಯ ಪ್ರಾರ್ಥನೆಗೆ ಸಂಯೋಜಿಸಿದ 'ಬಾಬಾ ಯೇತು' 2011ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದ ಮೊದಲ ಗೇಮ್ ಸಂಗೀತವಾಯಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ದೇಶದೇಶಗಳ ಕ್ರೀಡಾಪಟುಗಳು ಗೇಮ್ ಸಂಗೀತಕ್ಕೆ ಹೆಜ್ಜೆಹಾಕಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡುವ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ 2023ರಲ್ಲಿ ಮಾರಿಯೋ ಧಾಟಿ ಸೇರಿತು.

2025ರಲ್ಲಿ ಅದೇ ಪಟ್ಟಿಗೆ ಸೇರಿದ, 'ಮೈನ್‌ಕ್ರಾಫ್ಟ್' ಆಟದ ಸಂಗೀತದ ಆಲ್ಬಮ್ 'ಮೈನ್‌ಕ್ರಾಫ್ಟ್: ವಾಲ್ಯೂಮ್ ಆಲ್ಫಾ' ಮಾತ್ರ ಇದುವರೆಗೆ ಹೇಳಿದ ಕ್ರಮಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಸಿ418 ಎಂಬ ಹೆಸರಿನಲ್ಲಿ ಕೆಲಸ ಮಾಡುವ ಡೇನಿಯಲ್ ರೋಸೆನ್‌ಫೆಲ್ಡ್ ರಚಿಸಿ 2011ರಲ್ಲಿ ಬಿಡುಗಡೆ ಮಾಡಿದ ಈ ಸಂಗೀತ ಲೂಪ್ ಆಗಿ ಸುತ್ತುವುದಿಲ್ಲ, ಯಾವ ಘಟನೆಗೂ ಕಟ್ಟುಬಿದ್ದಿಲ್ಲ. ಹಲವು ನಿಮಿಷಗಳ ಮೌನದ ನಂತರ, ಆಟಗಾರ ಏನು ಮಾಡುತ್ತಿದ್ದಾನೆಂದು ನೋಡದೆ, ಮೆಲ್ಲನೆ ಪಿಯಾನೊ ಆರಂಭವಾಗುತ್ತದೆ, ಕೆಲವು ನಿಮಿಷಗಳಲ್ಲಿ ನಿಲ್ಲುತ್ತದೆ. ಆ ಹೊತ್ತಿಗೆ ಒಬ್ಬ ಗೋಡೆ ಕಟ್ಟುತ್ತಿರಬಹುದು, ಇನ್ನೊಬ್ಬ ನೆಲ ಅಗೆಯುತ್ತಿರಬಹುದು, ಮತ್ತೊಬ್ಬ ದಾರಿ ತಪ್ಪಿ ಕಾಡಿನಲ್ಲಿ ಅಲೆಯುತ್ತಿರಬಹುದು. ಸಂಯೋಜಕ ಖಾಲಿ ಬಿಟ್ಟ ಜಾಗವನ್ನು ಆಡುವವನ ಕೆಲಸವೇ ತುಂಬುತ್ತದೆ. ಆದ್ದರಿಂದ ಒಂದೇ ಧಾಟಿ ಕೋಟ್ಯಂತರ ಆಟಗಾರರಲ್ಲಿ ಒಬ್ಬೊಬ್ಬರಿಗೂ ಅವರವರು ಕಟ್ಟಿದ ಬೇರೆ ಬೇರೆ ಮನೆಗಳೊಂದಿಗೆ ನೆನಪಿನಲ್ಲಿ ಉಳಿದಿದೆ.