ವೇಯ್ಬೊದಲ್ಲಿ ಪೊಲೀಸರು: ಅಲ್ಹಾಂಬ್ರಾ ನಗರದ ಪ್ರಯೋಗ

ವಲಸಿಗರ ಜೊತೆ ಸರಕಾರಿ ಇಲಾಖೆಗಳು ಹೇಗೆ ಮಾತನಾಡಬೇಕು ಎಂಬ ಪಾಠಕ್ಕೆ ಅಲ್ಹಾಂಬ್ರಾಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇದು ಕ್ಯಾಲಿಫೋರ್ನಿಯಾದ ಸ್ಯಾನ್ ಗೇಬ್ರಿಯಲ್ ಕಣಿವೆಯ ಊರು. 2010ರ ಜನಗಣತಿಯಂತೆ ಇಲ್ಲಿ ಸುಮಾರು 83 ಸಾವಿರ ಜನರಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಏಷ್ಯಾ ಮೂಲದವರು, ಅವರಲ್ಲಿ ಚೀನೀಯರೇ ಅಧಿಕ. ಮ್ಯಾಂಡರಿನ್ ಅಥವಾ ಕ್ಯಾಂಟನೀಸ್ ಎಂಬ ಚೀನಿ ಭಾಷೆಗಳನ್ನು ಬಿಟ್ಟು ಬೇರೆ ಭಾಷೆ ಸರಾಗವಾಗಿ ಬಾರದವನು ಮನೆಗೆ ಕಳ್ಳ ನುಗ್ಗಿದರೂ ಠಾಣೆಯ ಕಡೆ ಹೋಗಲು ಹಿಂಜರಿಯುತ್ತಾನೆ.

2013ರಲ್ಲಿ ಪೊಲೀಸ್ ಮುಖ್ಯಸ್ಥ ಮಾರ್ಕ್ ಯೋಕೊಯಾಮಾ ಅವರ ಇಲಾಖೆ, ಟ್ವಿಟರ್‌ನಂಥ ಚೀನಿ ಸಾಮಾಜಿಕ ಜಾಲತಾಣವಾದ ವೇಯ್ಬೊದಲ್ಲಿ ಖಾತೆ ತೆರೆಯಿತು. ವೇಯ್ಬೊ ಏಕೆ? ಚೀನಾದಲ್ಲಿ ಫೇಸ್‌ಬುಕ್ ಮತ್ತು ಟ್ವಿಟರ್‌ಗೆ 2009ರಲ್ಲೇ ತಡೆ ಬಿದ್ದಿತ್ತು. ಅದೇ ವರ್ಷ ಸೀನಾ ಕಂಪನಿ ವೇಯ್ಬೊ ಆರಂಭಿಸಿತು. ಹೊಸದಾಗಿ ಬಂದವರು ತಮ್ಮ ಮೊಬೈಲಿನಲ್ಲಿ ದಿನವೂ ನೋಡುತ್ತಿದ್ದುದು ಅದನ್ನೇ.

ಪ್ರಕಟಣೆಗಳನ್ನು ಚೀನಿ ಭಾಷೆಗೆ ಅನುವಾದಿಸಿ ಹಾಕಿದ್ದಷ್ಟೇ ಆಗಿದ್ದರೆ ಈ ಪ್ರಯೋಗವನ್ನು ಓದುವ ಅಗತ್ಯವೇ ಇರುತ್ತಿರಲಿಲ್ಲ. ಇಲ್ಲಿ ಜನರು ಪ್ರಶ್ನೆ ಕೇಳಿದರು, ಪೊಲೀಸರು ಉತ್ತರಿಸಿದರು. ಚೀನಿ ಭಾಷೆಯ ಪ್ರಶ್ನೆಯನ್ನು ಇಂಗ್ಲಿಷಿಗೆ ತರುವುದು, ಇಲಾಖೆಯ ಉತ್ತರವನ್ನು ಮತ್ತೆ ಚೀನಿಗೆ ತಿರುಗಿಸುವುದು, ಹೀಗೆ ಕೆಲಸ ಸಾಗಿತು. ಇದಕ್ಕೆ ಜೊತೆಯಾದದ್ದು 'ಅಲ್ಹಾಂಬ್ರಾ ಸೋರ್ಸ್' ಎಂಬ ಸ್ಥಳೀಯ ಸುದ್ದಿತಾಣ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಆರಂಭಿಸಿದ ಈ ತಾಣ ಇಂಗ್ಲಿಷ್, ಸ್ಪ್ಯಾನಿಷ್, ಚೀನಿ ಮೂರರಲ್ಲೂ ಬರುತ್ತಿತ್ತು. ನಿವಾಸಿಗಳು, ಸಂಘಸಂಸ್ಥೆಗಳು, ಸ್ಥಳೀಯ ಮಾಧ್ಯಮ ಈ ಮೂರೂ ಒಂದೇ ಊರಿನ ಕುರಿತು ಪರಸ್ಪರ ಮಾತನಾಡಿದಾಗ ಮಾತ್ರ ಜನರು ಊರಿನ ವಿಚಾರಗಳಲ್ಲಿ ಪಾಲ್ಗೊಳ್ಳುತ್ತಾರೆ ಎಂಬುದು ಆ ಸಂಶೋಧಕರ ತಂಡದ ಸಿದ್ಧಾಂತ. ವೇಯ್ಬೊ ಖಾತೆಯನ್ನು ಇದರ ಬೆಳಕಿನಲ್ಲಿಯೇ ಓದಬೇಕು. ಬಿಡಿಯಾಗಿ ನೋಡಿದರೆ ಬರಿಯ ಪ್ರಚಾರದಂತೆ ಕಾಣುತ್ತದೆ.

ಜನರಿಗೆ ಬೇಕಾದದ್ದು ದಿನನಿತ್ಯದ ತಿಳಿವಳಿಕೆ. ಚೀನಾದಲ್ಲಿ ಪೊಲೀಸರಿಗೆ 110, ಅಗ್ನಿಶಾಮಕಕ್ಕೆ 119, ಆಂಬುಲೆನ್ಸಿಗೆ 120. ಅಮೆರಿಕದಲ್ಲಿ ಎಲ್ಲಕ್ಕೂ 911. ಆ ಕರೆಯಲ್ಲಿ ತನ್ನ ಭಾಷೆಯ ಹೆಸರು ಹೇಳಿದರೆ ದುಭಾಷಿಯನ್ನು ಸೇರಿಸಿಕೊಳ್ಳುತ್ತಾರೆ. ರಸ್ತೆಯಲ್ಲಿ ಪೊಲೀಸರು ಕಾರು ನಿಲ್ಲಿಸಿದರೆ ಕೆಳಗಿಳಿಯದೆ, ಕೈಗಳು ಕಾಣುವಂತೆ ಸ್ಟೀರಿಂಗಿನ ಮೇಲಿಟ್ಟು ಕುಳಿತಿರಬೇಕು. ಮರ್ಯಾದೆ ಎಂದುಕೊಂಡು ಇಳಿದು ಹತ್ತಿರ ಹೋದವನನ್ನು ಅಲ್ಲಿಯ ಪೊಲೀಸರು ಅಪಾಯವೆಂದು ಭಾವಿಸಬಹುದು. ಜೀವ ಉಳಿಸಬಲ್ಲ ಈ ಮಾಹಿತಿ ಅವರವರ ಭಾಷೆಯಲ್ಲಿ ಸಿಗುವುದನ್ನು ನಾನು ಉಪಕಾರವೆಂದು ಕರೆಯುವುದಿಲ್ಲ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯಿದೆಯ ಆರನೆಯ ಅಧ್ಯಾಯ, ಕೇಂದ್ರದ ಹಣ ಪಡೆಯುವ ಸಂಸ್ಥೆಗಳು ರಾಷ್ಟ್ರಮೂಲದ ಆಧಾರದಲ್ಲಿ ತಾರತಮ್ಯ ಮಾಡಬಾರದು ಎನ್ನುತ್ತದೆ. ಅಲ್ಲಿಯ ಸುಪ್ರೀಂ ಕೋರ್ಟಿನ 1974ರ 'ಲಾವ್ ವಿರುದ್ಧ ನಿಕೋಲ್ಸ್' ತೀರ್ಪು ಭಾಷೆಯ ಪ್ರಶ್ನೆಗೂ ಅದನ್ನು ಅನ್ವಯಿಸಿತು. ಆ ಪ್ರಕರಣ ಸ್ಯಾನ್ ಫ್ರಾನ್ಸಿಸ್ಕೊದ ಚೀನಿ ಮಾತಾಡುವ ಶಾಲಾ ಮಕ್ಕಳದು.

ಮಿತಿಗಳನ್ನೂ ಬರೆದುಕೊಳ್ಳಿ. ವೇಯ್ಬೊ ಮತ್ತು ಚೀನಾದ ಸಂದೇಶ ಆ್ಯಪ್ ವೀಚಾಟ್ ಎರಡೂ ಚೀನಾ ಸರಕಾರದ ನಿಯಂತ್ರಣಕ್ಕೆ ಒಳಪಟ್ಟವು. ಚೀನಾದ ಹೊರಗೆ ನೋಂದಾಯಿಸಿದ ವೀಚಾಟ್ ಖಾತೆಗಳ ಚಿತ್ರ ಮತ್ತು ಕಡತಗಳ ಮೇಲೂ ನಿಗಾ ಇರುವುದನ್ನು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2020ರಲ್ಲಿ ತೋರಿಸಿತು. ಆ ಸರಕಾರಕ್ಕೆ ಹೆದರಿ ದೇಶ ಬಿಟ್ಟವನು ಅಂಥ ವೇದಿಕೆಯಲ್ಲಿ ಪೊಲೀಸರ ಹತ್ತಿರ ಏನನ್ನು ತಾನೇ ಹೇಳಿಕೊಂಡಾನು? ಹಾಗಾಗಿ ಪ್ರಶ್ನೋತ್ತರಕ್ಕೆ ವೇಯ್ಬೊ ಸರಿ, ದೂರು ದಾಖಲಿಸಲು ಸಲ್ಲದು ಎಂಬುದು ನನ್ನ ಅಭಿಪ್ರಾಯ.

ಇದರ ಜೊತೆಗೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನ ಪ್ರಕರಣಗಳನ್ನೂ ಓದಿ. ವಂಚಕರು ಚೀನಾದ ರಾಯಭಾರ ಕಚೇರಿಯವರು, ಪೊಲೀಸರು ಎಂದು ಹೇಳಿಕೊಂಡು ಚೀನಿ ವಿದ್ಯಾರ್ಥಿಗಳಿಗೆ ಫೋನ್ ಮಾಡುತ್ತಾರೆ. ಬಂಧನದ ಬೆದರಿಕೆ ಹಾಕಿ, ಹೋಟೆಲ್ ಕೋಣೆಯಲ್ಲಿ ಅಡಗಿಸಿ, ಕೈಕಾಲು ಕಟ್ಟಿಕೊಂಡಂತೆ ಅವರ ಕೈಯಲ್ಲೇ ಚಿತ್ರ ತೆಗೆಸಿ ಊರಿನ ತಂದೆತಾಯಿಗೆ ಕಳುಹಿಸಿ ಹಣ ಕೀಳುತ್ತಾರೆ. 2020ರಲ್ಲಿ ಅಲ್ಲಿಯ ಪೊಲೀಸರು ಇದರ ವಿರುದ್ಧ ಬಹಿರಂಗ ಎಚ್ಚರಿಕೆ ನೀಡಿದರು. ಸಮವಸ್ತ್ರದ ಭಯವನ್ನೇ ಬಂಡವಾಳ ಮಾಡಿಕೊಂಡ ಈ ವಂಚನೆಯಲ್ಲಿ, ಸ್ಥಳೀಯ ಪೊಲೀಸರ ಜೊತೆ ಮೊದಲೇ ಮಾತಿನ ರೂಢಿಯಿರುವ ವಿದ್ಯಾರ್ಥಿಗೆ ಫೋನ್ ಇಟ್ಟು ಠಾಣೆಯಲ್ಲಿ ವಿಚಾರಿಸುವ ಧೈರ್ಯ ಬರುವ ಸಾಧ್ಯತೆ ಹೆಚ್ಚು.