ಹಳೇ ಟಿವಿ ಗೇಮ್‌ಗಳು ಇಷ್ಟೊಂದು ಕಷ್ಟ ಯಾಕೆ?

ಪ್ರಶ್ನೆ: ಚಿಕ್ಕವನಿದ್ದಾಗ ಕ್ಯಾಸೆಟ್ ಹಾಕಿ ಆಡುತ್ತಿದ್ದ ಕಾಂಟ್ರಾ ಎಂಬ ಶೂಟಿಂಗ್ ಗೇಮನ್ನು ಈಗ ಮೊಬೈಲಿಗೆ ಹಾಕಿಕೊಂಡಿದ್ದೇನೆ. ಮೂರನೇ ಲೆವೆಲ್ ದಾಟಲು ಆಗುತ್ತಿಲ್ಲ. ಸಿಟ್ಟು ಬರುತ್ತೆ, ಬಿಡಲು ಮನಸ್ಸೂ ಇಲ್ಲ. ಆಗಿನವರು ಗೇಮ್‌ಗಳನ್ನು ಇಷ್ಟು ಕಷ್ಟ ಮಾಡಿದ್ದು ಯಾಕೆ?

ಉತ್ತರ: ಅರ್ಧ ತಪ್ಪು ಮೊಬೈಲಿನದು. ಕಾಂಟ್ರಾ ಬಟನ್ ಒತ್ತಿ ಆಡುವ ಆಟ. ಬಟನ್ ಎಲ್ಲಿದೆ ಎಂದು ಕಣ್ಣಿಗಲ್ಲ, ಬೆರಳಿಗೆ ಗೊತ್ತಾಗಬೇಕು. ನುಣುಪು ಗಾಜಿನ ಮೇಲೆ ಅದು ಆಗದ ಮಾತು. ಒಂದು ಬ್ಲೂಟೂತ್ ಕಂಟ್ರೋಲರ್ ಜೋಡಿಸಿ ನೋಡಿ, ವ್ಯತ್ಯಾಸ ಗೊತ್ತಾಗುತ್ತೆ.

ಉಳಿದ ಅರ್ಧಕ್ಕೆ ದುಡ್ಡಿನ ಲೆಕ್ಕಾಚಾರವೇ ಮೊದಲ ಕಾರಣ. ಕೊನಾಮಿ ಕಂಪನಿ 1987ರಲ್ಲಿ ಕಾಂಟ್ರಾವನ್ನು ಮೊದಲು ತಂದದ್ದು ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರದಲ್ಲಿ. ಒಬ್ಬನೇ ಗಂಟೆಗಟ್ಟಲೆ ಆಡುತ್ತ ನಿಂತರೆ ಅಂಗಡಿಯವನಿಗೆ ಗಿಟ್ಟುವುದಿಲ್ಲ. ಹಾಗಂತ ಬಂದ ತಕ್ಷಣ ಸಾಯಿಸಿದರೆ ಮತ್ತೆ ಯಾರೂ ನಾಣ್ಯ ಹಾಕುವುದಿಲ್ಲ. 'ಇನ್ನೊಂದೇ ಸಲ' ಅನ್ನಿಸುವಷ್ಟು ಕಷ್ಟ ಬೇಕಿತ್ತು. ಮುಂದಿನ ವರ್ಷ ಅದು ಮನೆಯ ಟಿವಿಗೆ ಬಂದಾಗ ನಾಣ್ಯ ಹೋಯಿತು, ಆ ಜಿಪುಣತನ ಉಳಿಯಿತು. ಮೂರೇ ಲೈಫ್, ಒಂದೇ ಗುಂಡು ತಗುಲಿದರೂ ಸಾವು.

ಇನ್ನೊಂದು ಕಾರಣ ಜಾಗದ ಅಭಾವ. 1985ರ ಸೂಪರ್ ಮಾರಿಯೊ ಬ್ರದರ್ಸ್ ಇಡೀ ಆಟ ಸೇರಿ 40 ಕಿಲೋಬೈಟ್. ಈಗ ವಾಟ್ಸಾಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ಫೋಟೋಗೂ ಅದಕ್ಕಿಂತ ಹೆಚ್ಚು ಜಾಗ ಬೇಕು. ಕಾಂಟ್ರಾದಲ್ಲಿರುವುದು 8 ಲೆವೆಲ್. ಸಾಯದೆ ಆಡಿದರೆ ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತೆ. ದುಡ್ಡು ಕೊಟ್ಟು ಕ್ಯಾಸೆಟ್ ಕೊಂಡವರನ್ನು ತಿಂಗಳುಗಟ್ಟಲೆ ಹಿಡಿದಿಡಲು ಕಷ್ಟ ಮಾಡುವುದೇ ಅಗ್ಗದ ದಾರಿಯಾಗಿತ್ತು. ಸೇವ್ ಮಾಡುವ ಸೌಲಭ್ಯವೂ ಇರಲಿಲ್ಲ. ನಮ್ಮ ಕಡೆ ಏಳನೇ ಲೆವೆಲ್‌ಗೆ ಹೋದಾಗ ಕರೆಂಟ್ ಹೋದರೆ ಕಥೆ ಮುಗೀತು.

ಆಟ ಮಾಡಿದವರಿಗೇ ಇದು ಕಷ್ಟವಾಗಿತ್ತು ಎನ್ನುವುದಕ್ಕೆ ಸಾಕ್ಷಿಯಿದೆ. 1986ರಲ್ಲಿ ಕೊನಾಮಿಯ ಕಝುಹಿಸಾ ಹಶಿಮೊಟೊ ಗ್ರೇಡಿಯಸ್ ಎಂಬ ಆಟವನ್ನು ಆರ್ಕೇಡ್‌ನಿಂದ ಮನೆಯ ಯಂತ್ರಕ್ಕೆ ತರುತ್ತಿದ್ದರು. ಪರೀಕ್ಷಿಸಲು ಆಡಿದರೆ ಮುಂದೆ ಹೋಗಲು ಆಗುತ್ತಿಲ್ಲ! ಅದಕ್ಕೇ ತಮಗೋಸ್ಕರ ಒಂದು ಕಳ್ಳದಾರಿ ಇಟ್ಟುಕೊಂಡರು: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಕಾಂಟ್ರಾದ ಟೈಟಲ್ ಬಂದಾಗ ಇದನ್ನೇ ಒತ್ತಿ ಸ್ಟಾರ್ಟ್ ಮಾಡಿದರೆ 30 ಲೈಫ್ ಸಿಗುತ್ತೆ. ನಾಚಿಕೊಳ್ಳಬೇಡಿ, ಬಳಸಿ.

ಇನ್ನು, ಬಿಡಲು ಮನಸ್ಸಾಗದಿರುವುದು ಯಾಕೆ? ಕಾಂಟ್ರಾ ನಿರ್ದಯಿ ನಿಜ, ಆದರೆ ಮೋಸ ಮಾಡುವುದಿಲ್ಲ. ಫಿರಂಗಿ ಪ್ರತಿ ಸಲವೂ ಅದೇ ಜಾಗದಲ್ಲಿ ಏಳುತ್ತೆ, ಗುಂಡುಗಳನ್ನು ಹರಡಿ ಹಾರಿಸುವ ಎಸ್ ಗನ್ ಅಲ್ಲೇ ಸಿಗುತ್ತೆ, ಸೇತುವೆ ಕಾಲಿಟ್ಟೊಡನೆ ತುಂಡುತುಂಡಾಗಿ ಸಿಡಿಯುತ್ತೆ. ಸತ್ತರೆ ತಪ್ಪು ಯಾರದೆಂದು ನಿಮಗೆ ತಕ್ಷಣ ಗೊತ್ತಾಗುತ್ತೆ, ಮರುಕ್ಷಣ ಮೇಲಿಂದ ಇಳಿದು ಓಡುತ್ತಿರುತ್ತೀರಿ. ಸಿಟ್ಟು ಆರಲು ಪುರುಸೊತ್ತೇ ಕೊಡುವುದಿಲ್ಲ. ನೀವು ಸಿಕ್ಕಿಬಿದ್ದಿರುವ ಮೂರನೇ ಲೆವೆಲ್ಲಿನ ಜಲಪಾತದಲ್ಲಿ ಪರದೆ ಮೇಲಕ್ಕೆ ಮಾತ್ರ ಸರಿಯುತ್ತೆ. ಕೆಳಗೆ ಬಿಟ್ಟುಬಂದ ಕಲ್ಲು ಇನ್ನಿಲ್ಲ ಅಂತಲೇ ಲೆಕ್ಕ. ಇಬ್ಬರು ಆಡುವಾಗ ಒಬ್ಬ ಅವಸರಪಟ್ಟು ಹತ್ತಿದರೆ ಹಿಂದೆ ಉಳಿದವನು ಸಾಯುತ್ತಾನೆ. ಅಣ್ಣತಮ್ಮಂದಿರ ನಡುವೆ ಎಷ್ಟು ಜಗಳ ತಂದಿಟ್ಟಿದೆಯೋ ಈ ಜಲಪಾತ!

ಎಲ್ಲ ಹಳೇ ಆಟಗಳಿಗೂ ಈ ನ್ಯಾಯ ಇಲ್ಲ. ನಿಂಜಾ ಗೈಡೆನ್‌ನಲ್ಲಿ ಪೆಟ್ಟು ಬಿದ್ದರೆ ನಾಯಕ ಹಿಂದಕ್ಕೆ ಹಾರುತ್ತಾನೆ, ಹಿಂದೆ ಗುಂಡಿ ಕಾದಿರುತ್ತೆ. ಕೊಂದ ಶತ್ರು, ಒಂದೆರಡು ಹೆಜ್ಜೆ ಹಿಂದೆ ಸರಿದು ಬಂದರೆ ಮತ್ತೆ ಹಾಜರ್. ಕೊನೆಯ ಬಾಸ್ (ದೊಡ್ಡ ಶತ್ರು) ಹತ್ತಿರ ಸತ್ತರೆ ಆರನೇ ಅಂಕದ ಮೊದಲಿಗೇ ವಾಪಸ್. ಗೋಸ್ಟ್ಸ್ ಆ್ಯಂಡ್ ಗಾಬ್ಲಿನ್ಸ್ ಅಂತೂ ಒಮ್ಮೆ ಮುಗಿಸಿದರೆ 'ಇದು ಭ್ರಮೆ, ಮೊದಲಿಂದ ಬಾ' ಅನ್ನುತ್ತೆ. ಅದು ನನ್ನ ಪ್ರಕಾರ ಕಷ್ಟವಲ್ಲ, ಕಿತಾಪತಿ.

ಹಳೇ ಆಟಗಳನ್ನು ಮೊಬೈಲಿನಲ್ಲಿ ನಡೆಸುವ ಎಮ್ಯುಲೇಟರ್‌ನಲ್ಲಿ ಎಲ್ಲಿ ಬೇಕಾದರೂ ಸೇವ್ ಮಾಡಬಹುದು. ಆದರೆ ಜಲಪಾತದ ಒಂದೊಂದು ಕಲ್ಲಿಗೂ ಸೇವ್ ಮಾಡಿದರೆ ಮಜಾ ಕೆಡುತ್ತೆ. ಲೆವೆಲ್ ಶುರುವಾದಾಗ ಒಂದೇ ಸಲ ಮಾಡಿಕೊಳ್ಳಿ. ಹತ್ತುವಾಗ ಎಸ್ ಗನ್ ಕೈಯಲ್ಲಿರಲಿ, ಸತ್ತರೆ ಅದೂ ಹೋಗುತ್ತೆ.